ಬೇಲೂರಿನ ಹಳೇ ನಕ್ಷೆಯನ್ನು ನೆಲಕ್ಕೆ ಹೊಂದಿಸಿದ್ದು

ಬೇಲೂರು ಸೀಮೆಯಲ್ಲಿ ಮುಚ್ಚಿಹೋದ ಕೆರೆಕಟ್ಟೆಗಳು ಎಲ್ಲೆಲ್ಲಿದ್ದವು ಎಂದು ಹುಡುಕುತ್ತಿದ್ದೆ. ಆಗ ಇಂಚಿಗೆ ಒಂದು ಮೈಲಿಯ ಹಳೇ ಸರ್ವೆ ನಕ್ಷೆಯೊಂದರ ಸ್ಕ್ಯಾನ್ ಸಿಕ್ಕಿತು. ಬೇಲೂರು, ಹಳೇಬೀಡು ಎರಡೂ ಅದರಲ್ಲಿದ್ದವು. ಆದರೆ ಯಾರೋ ಅಂಚು ಕತ್ತರಿಸಿದ್ದರು. ಇಸವಿ ಇಲ್ಲ, ಟಿಪ್ಪಣಿ ಇಲ್ಲ. ಅಕ್ಷಾಂಶ, ರೇಖಾಂಶದ ಗೆರೆ ಮತ್ತು ಅಂಕಿ ಮಾತ್ರ ಉಳಿದಿದ್ದವು.

ಆ ಅಂಕಿಗಳನ್ನೇ ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶಕ್ಕೆ ಕೊಟ್ಟು, ಸುಮ್ನೆ ಜಿಪಿಎಸ್ ಬಳಸುವ ಡಬ್ಲ್ಯೂಜಿಎಸ್ 84 ಲೆಕ್ಕವನ್ನು ಆರಿಸಿದೆ. ಚೆನ್ನಕೇಶವ ದೇವಸ್ಥಾನ ಸುಮಾರು ನಾಲ್ಕೂವರೆ ಕಿಲೋಮೀಟರ್ ಪೂರ್ವಕ್ಕೆ ಹೋಗಿ ಕೂತಿತು. ಹಳೇಬೀಡನ್ನು ಅಳೆದೆ. ಅಲ್ಲೂ ಅಷ್ಟೇ ದೂರ, ಅದೇ ದಿಕ್ಕು. ನನಗೆ ದಾರಿ ತೋರಿಸಿದ್ದು ಇದೇ. ಕಾಗದ ಸುಕ್ಕಾಗಿದ್ದರೆ ಒಂದೊಂದು ಕಡೆ ಒಂದೊಂದು ಥರ ತಪ್ಪಬೇಕು, ಅಲ್ವಾ? ಎಲ್ಲ ಕಡೆ ಒಂದೇ ಥರ ತಪ್ಪಿದರೆ ರೇಖಾಂಶದ ಲೆಕ್ಕದಲ್ಲೇ ಏನೋ ಇದೆ.

ಇತ್ತು. ಹಳೇ ಸರ್ವೆಯವರು ಹಿಡಿದಿದ್ದ ರೇಖಾಂಶ ನಿಜಕ್ಕಿಂತ 2 ನಿಮಿಷ 27 ಸೆಕೆಂಡಿನಷ್ಟು (ಗಡಿಯಾರದ್ದಲ್ಲ, ಡಿಗ್ರಿಯ ಭಾಗಗಳು) ಜಾಸ್ತಿ. ಟೆಲಿಗ್ರಾಫ್ ಮೂಲಕ ಸಮಯ ಹೋಲಿಸಿ ಅಳೆದ ಮೇಲೆ ಅದು ಗೊತ್ತಾಗಿ, 20ನೇ ಶತಮಾನದ ಶುರುವಿನಲ್ಲಿ ತಿದ್ದಿದರು. ನಮ್ಮ ಅಕ್ಷಾಂಶದಲ್ಲಿ ಅದು ಸುಮಾರು 4.4 ಕಿಲೋಮೀಟರ್. ಉಳಿದ ನೂರು ಮೀಟರ್ ಚಿಲ್ಲರೆ, ಅಕ್ಷಾಂಶ ರೇಖಾಂಶಗಳನ್ನು ಯಾವ ಆಧಾರದ ಮೇಲೆ ಅಳೆಯುವುದು ಎಂಬ ಲೆಕ್ಕ, ಅಂದರೆ ಡೇಟಮ್‌ನದು. ಆ ನಕ್ಷೆಗಳ ಲೆಕ್ಕ ಎವರೆಸ್ಟ್ ಎಲಿಪ್ಸಾಯ್ಡ್ ಎಂಬ, ಭೂಮಿಯ ಆಕಾರದ ಹಳೇ ಅಂದಾಜಿನ ಮೇಲಿದೆ, ಜಿಪಿಎಸ್‌ನದು ಬೇರೆ. ರೇಖಾಂಶದಲ್ಲಿ ಆ ಜಾಸ್ತಿಯನ್ನು ಕಳೆದು, ಹಳೇ ಸರ್ವೆಯ ಕಲ್ಯಾಣಪುರ ಡೇಟಮ್ ಮತ್ತು ಪಾಲಿಕೋನಿಕ್ ಪ್ರೊಜೆಕ್ಷನ್ (ದುಂಡನೆಯ ಭೂಮಿಯನ್ನು ಚಪ್ಪಟೆ ಕಾಗದಕ್ಕೆ ಇಳಿಸುವ ಒಂದು ವಿಧಾನ) ಕೊಟ್ಟ ಮೇಲೆ ಹಾಳೆ ಸರಿಯಾಗಿ ಕೂತಿತು.

ಕೂತಿದೆಯೋ ಇಲ್ಲವೋ ಎಂದು ಯಾವುದರ ಮೇಲೆ ನೋಡುವುದು? ರಸ್ತೆ ಕೂಡುವ ಜಾಗ ಬೇಡ, ತಿರುವುಗಳನ್ನೆಲ್ಲ ನೇರ ಮಾಡಿದ್ದಾರೆ. ಯಗಚಿ ಹೊಳೆಯ ಒಳ್ಳೆಯ ತಿರುವುಗಳು ಜಲಾಶಯದ ಅಡಿ ಸೇರಿವೆ. ಕೆರೆಯ ನೀರಿನ ಅಂಚು ವರ್ಷಕ್ಕೊಂದು ಥರ. ಊರಿನ ಹಿರಿಯರೊಬ್ಬರನ್ನು ಕೇಳಿದೆ. "ನೀರು ನೋಡಬೇಡ ಕಣಪ್ಪ, ಏರಿ ನೋಡು. ಕೋಡಿ ನೋಡು. ಅವು ಎಲ್ಲಿಗೂ ಹೋಗಲ್ಲ" ಎಂದರು. ಹಾಗೇ ಮಾಡಿದೆ. ಹಳೇಬೀಡಿನ ದ್ವಾರಸಮುದ್ರ ಕೆರೆಯ ಏರಿ, ಎರಡು ಹೊಯ್ಸಳ ದೇವಸ್ಥಾನ, ನಾಲ್ಕು ಹಳ್ಳಿ ಕೆರೆಗಳ ಕೋಡಿ. ಇವಕ್ಕಿಂತ ಗಟ್ಟಿ ಗುರುತು ನಮ್ಮ ಕಡೆ ಸಿಗುವುದಿಲ್ಲ.

ಇನ್ನೂ ಮೂವತ್ತು, ನಲವತ್ತು ಮೀಟರ್ ವ್ಯತ್ಯಾಸ ಇದೆ. ಈ ಅಳತೆಯಲ್ಲಿ ಅರ್ಧ ಮಿಲಿಮೀಟರ್ ಗೆರೆ ಎಂದರೇ 32 ಮೀಟರ್, ಹಾಗಾಗಿ ಅಲ್ಲಿಗೇ ಬಿಟ್ಟೆ. ಹಾಳೆಯನ್ನು ರಬ್ಬರಿನಂತೆ ಎಳೆದು ಹೊಂದಿಸುವ ಥಿನ್ ಪ್ಲೇಟ್ ಸ್ಪ್ಲೈನ್ ವಿಧಾನ ಹಾಕಿದರೆ ತಪ್ಪು ಸೊನ್ನೆ ಎಂದು ತೋರಿಸುತ್ತದೆ. ಅದನ್ನು ನಂಬಬೇಡಿ. ಅದು ನಾವು ಗುರುತು ಮಾಡಿದ ಬಿಂದುಗಳನ್ನು ಎಳೆದು ಕೂರಿಸುತ್ತದೆ, ನಡುವಿನ ನೆಲ ಎಲ್ಲಿಗೆ ಹೋಯಿತೆಂದು ಹೇಳುವುದಿಲ್ಲ.

ಮೊದಲ ಕಟ್ಟೆ ಸಿಕ್ಕಿದ್ದು ಒಂದು ಶುಂಠಿ ಹೊಲದಲ್ಲಿ. ಏರಿಯ ಮಣ್ಣು ಇನ್ನೂ ಮೊಣಕಾಲೆತ್ತರ ಇದೆ.