ಅತ್ತೆಯ ನಗೆ ಮತ್ತು ಒಂದು ಲ್ಯಾಟಿನ್ ವಿಶೇಷಣ

ನಾನು ಮೊದಲು ಕಲಿತದ್ದು ಸ್ಪ್ಯಾನಿಷ್. ಪೋರ್ಚುಗೀಸ್ ಆಮೇಲೆ ಬಂತು. ಒಂದನ್ನು ಬಲ್ಲವರಿಗೆ ಇನ್ನೊಂದು ಸಲೀಸು ಎಂಬ ಧೈರ್ಯದಲ್ಲಿ ಬ್ರೆಜಿಲಿನ ಸಣ್ಣಕತೆಯೊಂದನ್ನು ಕನ್ನಡಕ್ಕೆ ತರಲು ಕುಳಿತಾಗ, ಅದರಲ್ಲಿನ ಅತ್ತೆಯೊಬ್ಬಳ ನಗೆಗಿದ್ದ ‘ಎಸ್ಕಿಝೀತು’ ಎಂಬ ವಿಶೇಷಣವನ್ನು ಸ್ಪ್ಯಾನಿಷ್‌ನ ‘ಎಕ್ಸ್‌ಕಿಸೀತೊ’ ಎಂದೇ ಭಾವಿಸಿ ‘ಸೊಗಸಾದ ನಗೆ’ ಎಂದು ಬರೆದೆ. ವಾಕ್ಯ ಎಲ್ಲಿಯೂ ತೊಡಕಲಿಲ್ಲ. ಕರಡನ್ನು ತಿದ್ದುವಾಗಷ್ಟೇ, ಅಷ್ಟು ಸೊಗಸಾಗಿ ನಗುವವಳನ್ನು ಕಂಡು ಮಕ್ಕಳು ಬಾಗಿಲ ಹಿಂದೆ ಸರಿಯುವುದೇಕೆ ಎಂಬ ಅನುಮಾನ ಹುಟ್ಟಿ ನಿಘಂಟು ತೆರೆದೆ. ಪೋರ್ಚುಗೀಸ್‌ನಲ್ಲಿ ಆ ಪದಕ್ಕೆ ಇಂದಿನ ರೂಢಿಯ ಅರ್ಥ ‘ವಿಚಿತ್ರವಾದ’ ಎಂದು.

ಎರಡರ ಬೇರೂ ಲ್ಯಾಟಿನ್ನಿನ ‘ಎಕ್ಸ್‌ಕ್ವಿಸೀತುಸ್’. ‘ಹೊರಗೆ’ ಎಂಬ ಉಪಸರ್ಗಕ್ಕೆ ‘ಹುಡುಕು’ ಎಂಬ ಧಾತು ಸೇರಿ ‘ಹುಡುಕಿ ತೆಗೆದದ್ದು’ ಎಂದಾಗುತ್ತದೆ. ಹುಡುಕಿ ತೆಗೆದದ್ದು ಆಯ್ದದ್ದು, ಆಯ್ದದ್ದು ಅಪರೂಪದ್ದು. ಸ್ಪ್ಯಾನಿಷ್ ಅಲ್ಲಿಯೇ ನಿಂತು ರುಚಿ, ನಯ, ಉತ್ಕೃಷ್ಟತೆಗಳಿಗೆ ಪದವನ್ನು ಮೀಸಲಿಟ್ಟರೆ, ಪೋರ್ಚುಗೀಸ್ ಇನ್ನೊಂದು ಹೆಜ್ಜೆ ಮುಂದಿಟ್ಟು ಅಪರೂಪದ್ದನ್ನು ವಿಲಕ್ಷಣವಾಗಿಸಿತು. ನಮ್ಮ ‘ವಿಚಿತ್ರ’ ನಡೆದದ್ದೂ ಇದೇ ದಾರಿಯಲ್ಲಿ: ಸಂಸ್ಕೃತದಲ್ಲಿ ಬಗೆಬಗೆಯ ಬಣ್ಣದ್ದು, ಬೆರಗಿನದು ಎಂಬ ಅರ್ಥವೂ ಇದ್ದ ಆ ಪದವನ್ನು ಇಂದು ಯಾರ ಅಡುಗೆಗೆ ಹೇಳಿದರೂ ಅದು ಹೊಗಳಿಕೆಯಾಗದು. ಈ ಹೋಲಿಕೆ ಹೊಳೆದ ಮೇಲೆ ನಾನು ಆ ಪದವನ್ನು ಮರೆತದ್ದಿಲ್ಲ.

‘ರಾರೊ’ ಎಂಬ ಇನ್ನೊಂದು ವಿಶೇಷಣ ಇದಕ್ಕೆ ಅಡ್ಡಲಾಗಿ ನಡೆದಿದೆ. ಪೋರ್ಚುಗೀಸ್‌ನಲ್ಲಿ ಅದು ವಿರಳ, ಸ್ಪ್ಯಾನಿಷ್‌ನ ದಿನಬಳಕೆಯಲ್ಲಿ ಹೆಚ್ಚಾಗಿ ವಿಚಿತ್ರ. ಆದ್ದರಿಂದ ನನ್ನ ಟಿಪ್ಪಣಿ ಪುಸ್ತಕದಲ್ಲಿ ಎರಡನ್ನೂ ಒಂದೇ ಪುಟದಲ್ಲಿಟ್ಟಿದ್ದೇನೆ.

ಆದರೆ ಅರ್ಥ ತಿಳಿದ ಮಾತ್ರಕ್ಕೆ ಅನುವಾದ ಮುಗಿಯಲಿಲ್ಲ. ಬ್ರೆಜಿಲಿನವರು ಮೈ ಸರಿಯಿಲ್ಲದಾಗಲೂ ‘ಎಸ್ಕಿಝೀತು’ ಅನ್ನಿಸುತ್ತಿದೆ ಎನ್ನುತ್ತಾರೆ. ಅಲ್ಲಿ ‘ವಿಚಿತ್ರ’ ಒಗ್ಗದು, ‘ಒಂಥರಾ ಆಗ್ತಿದೆ’ ಎಂಬ ಆಡುಮಾತೇ ಸರಿ. ಅತ್ತೆಯ ನಗೆಗೂ ಕೊನೆಗೆ ‘ಎಂಥದೋ ಒಂದು ನಗೆ’ ಎಂದೇ ಬರೆದೆ.

ಒಂದು ಕಡೆ ಮಾತ್ರ ಸೋತೆ. 1920ರ ದಶಕದಲ್ಲಿ ಪ್ಯಾರಿಸ್ಸಿನ ಸರ್ರಿಯಲಿಸ್ಟರು, ಅಂದರೆ ಕನಸು, ಸುಪ್ತಮನಸ್ಸುಗಳಿಂದ ಕಲೆ ಕಟ್ಟಲು ಹೊರಟ ಕಲಾವಿದರು ಮತ್ತು ಲೇಖಕರು, ಆಡಿದ, ಮಡಚಿದ ಕಾಗದದ ಮೇಲೆ ಒಬ್ಬರ ಬರಹ ಇನ್ನೊಬ್ಬರಿಗೆ ಕಾಣದಂತೆ ವಾಕ್ಯ ಕಟ್ಟುವ ಆಟಕ್ಕೆ ಪೋರ್ಚುಗಲ್ಲಿನಲ್ಲಿ ‘ಕದಾವರ್ ಎಸ್ಕಿಝೀತು’ ಎಂಬ ಹೆಸರಿದೆ. ‘ಕದಾವರ್’ ಎಂದರೆ ಶವ. ಫ್ರೆಂಚ್ ಮೂಲದಲ್ಲಿ ಆ ಶವಕ್ಕಿರುವ ವಿಶೇಷಣ ‘ಸೊಗಸಾದ’ ಎಂಬುದು. ಪೋರ್ಚುಗೀಸ್ ಕಿವಿಗೆ ಅದು ವಿಚಿತ್ರ ಶವ. ಎರಡನ್ನೂ ಹೊರಬಲ್ಲ ಕನ್ನಡ ಪದ ಸಿಗದೆ, ಆ ಹೆಸರನ್ನು ಇದ್ದಂತೆಯೇ ಉಳಿಸಿಕೊಂಡೆ.