ಅಸಲಿಗೆ 97 ರೂಪಾಯಿ

2023ರ ಮಾರ್ಚ್ ತಿಂಗಳ ಗೃಹಸಾಲದ ಸ್ಟೇಟ್‌ಮೆಂಟನ್ನು ಮೂರು ಸಲ ಓದಿದೆ. ಕಂತು 22,900. ಬಡ್ಡಿಗೆ 22,803. ಅಸಲಿಗೆ 97. ಆವತ್ತು ಬೆಳಿಗ್ಗೆ ಕಾಲು ಕೆಜಿ ಕಾಫಿ ಪುಡಿಗೆ ನಾನು ಅದಕ್ಕಿಂತ ಹೆಚ್ಚು ಕೊಟ್ಟು ಬಂದಿದ್ದೆ.

ಸಾಲ ತೆಗೆದದ್ದು 2021ರ ನವೆಂಬರಿನಲ್ಲಿ. ಮೈಸೂರಿನ ಬೋಗಾದಿ ಕಡೆ ಒಂದು ಪುಟ್ಟ ಮನೆ, 30 ಲಕ್ಷ ಸಾಲ, 20 ವರ್ಷ, ಬಡ್ಡಿ ಶೇ. 6.8. ಆಗ ರೆಪೊ ದರ (ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿ) ಶೇ. 4 ಇತ್ತು. ಇಷ್ಟು ಕಮ್ಮಿ ಬಡ್ಡಿ ಇನ್ಯಾವತ್ತೂ ಸಿಗಲ್ಲ, ಈಗಲೇ ತಗೊಳ್ಳಿ ಅಂತ ಎಲ್ಲರೂ ಹೇಳಿದರು. ಕಮ್ಮಿ ಬಡ್ಡಿ ಹಾಗೇ ಉಳಿಯುವುದಿಲ್ಲ ಅನ್ನುವುದನ್ನು ಮಾತ್ರ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. 2022ರ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ ರಿಸರ್ವ್ ಬ್ಯಾಂಕ್ ರೆಪೊ ದರವನ್ನು ಆರು ಸಲ ಏರಿಸಿ 6.5ಕ್ಕೆ ತಂದು ನಿಲ್ಲಿಸಿತು. ನಮ್ಮ ಸಾಲ ಅದಕ್ಕೆ ಗಂಟು ಹಾಕಿದ್ದು. 6.8 ಇದ್ದದ್ದು 9.3 ಆಯಿತು. ಪ್ರತಿ ಸಲವೂ ಬ್ಯಾಂಕಿನಿಂದ ಮೆಸೇಜ್ ಬರುತ್ತಿತ್ತು. ಕಂತು ಏರಿಲ್ಲವಲ್ಲ ಅಂತ ನಾವು ಆರಾಮಾಗಿದ್ದೆವು. ಕಂತು ಏರದೆ ಬಡ್ಡಿ ಏರಿದರೆ ಅದು ಅಸಲನ್ನು ನುಂಗಿಯೇ ಏರಬೇಕು ಅನ್ನುವಷ್ಟು ಲೆಕ್ಕ, ಕಾಲೇಜಿನಲ್ಲಿ ಪಾಠ ಹೇಳುವ ನನಗೆ ಹೊಳೆದಿರಲಿಲ್ಲ. ನಾನು ಹೇಳುವುದು ಕನ್ನಡ ಪಾಠ, ಆ ಮಾತು ಬೇರೆ.

ಶಾಖೆಗೆ ಹೋದೆವು. ಸಾಲದ ಕೌಂಟರಿನಲ್ಲಿದ್ದವರು ಕಂಪ್ಯೂಟರ್ ನೋಡಿ, “ಸರ್‌ಗೆ ಅರವತ್ತಾದ ಮೇಲೆ ಕಂತು ಎಳೆಯೋಕೆ ಬರಲ್ಲ ಮೇಡಂ, ಕಂತನ್ನೇ ಏರಿಸಬೇಕು” ಅಂದರು. ಹೊಸ ಕಂತು 27,721. ತಿಂಗಳಿಗೆ 4,800 ರೂಪಾಯಿ ಹೆಚ್ಚು. ಇವರು ದಾರಿಯುದ್ದಕ್ಕೂ ಮಾತಾಡಲಿಲ್ಲ.

ಆ ರಾತ್ರಿ ನೋಟ್‌ಬುಕ್ ಹಿಡಿದು ಕೂತಾಗ ಗೊತ್ತಾದ ಒಂದು ಲೆಕ್ಕವೇ ಮುಂದಿನದಕ್ಕೆಲ್ಲ ಕಾರಣ. ಶೇ. 9.3 ಬಡ್ಡಿಯಲ್ಲಿ, ಇನ್ನೂ 224 ತಿಂಗಳು ಬಾಕಿ ಇರುವಾಗ, ಇವತ್ತು 10,000 ರೂಪಾಯಿಯನ್ನು ಅಸಲಿಗೆ ಹೆಚ್ಚುವರಿಯಾಗಿ ಕಟ್ಟಿದರೆ ತುದಿಯಲ್ಲಿ ಎರಡು ಕಂತು ಉದುರಿಹೋಗುತ್ತವೆ. ಎರಡು ಕಂತು ಅಂದರೆ 55,000. ನಂಬಲಾರದೆ ಮಗನ ಕೈಲಿ ಮತ್ತೊಮ್ಮೆ ಮಾಡಿಸಿದೆ. ಸರಿಯಾಗಿಯೇ ಇತ್ತು. ಹದಿನೆಂಟು ವರ್ಷ ಬಡ್ಡಿ ತಿನ್ನಬೇಕಾಗಿದ್ದ ಹತ್ತು ಸಾವಿರ ಇವತ್ತೇ ಸತ್ತರೆ ಅದರ ಮರಿಗಳೂ ಹುಟ್ಟುವುದಿಲ್ಲ, ಅಷ್ಟೇ.

ಆದರೆ ಆ ಹತ್ತು ಸಾವಿರ ಎಲ್ಲಿಂದ ತರುವುದು? ಮಾರನೇ ದಿನ ಸಾಲದ ಒಪ್ಪಂದದ ಫೈಲ್ ಹುಡುಕಲು ಅಟ್ಟ ಹತ್ತಿದೆ. ಫೈಲ್ ಸಿಗಲಿಲ್ಲ, ಉತ್ತರ ಸಿಕ್ಕಿತು. ಮಗನಿಗೆ ಚಿಕ್ಕದಾದ ಸೈಕಲ್, ಒಂದು ದಿವಾನ್, ಇವರ ಕ್ಯಾಮೆರಾ, ಮದುವೆಯಲ್ಲಿ ಬಂದು ಇನ್ನೂ ಪೆಟ್ಟಿಗೆ ಬಿಚ್ಚದ ಎರಡು ಡಿನ್ನರ್ ಸೆಟ್, ನಾಲ್ಕು ಜನರ ಮನೆಗೆ ಎಂಟು ಕುರ್ಚಿಯ ಊಟದ ಮೇಜು (ಇದು ಕೆಳಗೆ, ಅರ್ಧ ಹಾಲ್ ತುಂಬಿಕೊಂಡು). ಲಾಕ್‌ಡೌನಿನಲ್ಲಿ 38,000 ಕೊಟ್ಟು ತಂದ ಟ್ರೆಡ್‌ಮಿಲ್ ಮಹಡಿ ಮೇಲಿತ್ತು. ಅದರ ಬೆಲ್ಟಿನ ಮೇಲೆ ಪಂಚೆ ಹಾಸಿ ಅತ್ತೆ ಅರಳು ಸಂಡಿಗೆ ಒಣಗಿಸುತ್ತಿದ್ದರು.

ಮೊದಲು ಮಾರಿದ್ದು ಅದನ್ನೇ. ಹಳೆ ಸಾಮಾನಿನ ಆ್ಯಪ್‌ನಲ್ಲಿ ಫೋಟೊ ಹಾಕಿ ಹತ್ತು ನಿಮಿಷಕ್ಕೆ ಫೋನ್ ಬಂತು. ಹಿಂದಿ ಮಾತು, ಮಿಲಿಟರಿಯವನಂತೆ, ಚೌಕಾಸಿಯೇ ಇಲ್ಲದೆ ಕೇಳಿದ ಬೆಲೆಗೆ ಒಪ್ಪಿದ. ಅಲ್ಲೇ ಅನುಮಾನ ಬರಬೇಕಿತ್ತು. ಕ್ಯೂಆರ್ ಕೋಡ್ ಕಳಿಸಿ, ಸ್ಕ್ಯಾನ್ ಮಾಡಿ ಪಿನ್ ಒತ್ತಿ, ದುಡ್ಡು ನಿಮ್ಮ ಖಾತೆಗೆ ಬರುತ್ತೆ ಅಂದ. ಇವರು ಸ್ಕ್ಯಾನ್ ಮಾಡಿಯೂ ಆಗಿತ್ತು, ಎರಡು ಅಂಕಿ ಒತ್ತಿಯೂ ಆಗಿತ್ತು. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಮಗ, “ಅಪ್ಪಾ, ದುಡ್ಡು ಬರೋದಕ್ಕೆ ಪಿನ್ ಯಾಕೆ?” ಅಂದ. ಇವರ ಬೆರಳು ಅಲ್ಲೇ ನಿಂತಿತು. ಯುಪಿಐಯಲ್ಲಿ ಪಿನ್ ಕೇಳುವುದು ದುಡ್ಡು ಕೊಡುವಾಗ, ತೆಗೆದುಕೊಳ್ಳುವಾಗ ಅಲ್ಲ. ಆಮೇಲೆ ನಮ್ಮ ನಿಯಮ ಒಂದೇ ಆಯಿತು: ಮನೆಗೆ ಬಂದು ನೋಡಿ, ದುಡ್ಡು ಕೊಟ್ಟು, ಹೊತ್ತುಕೊಂಡು ಹೋಗಿ. ಟ್ರೆಡ್‌ಮಿಲ್ ಕೊನೆಗೆ ಪಕ್ಕದ ಬೀದಿಯವರಿಗೇ 11,500ಕ್ಕೆ ಹೋಯಿತು. ಈಗ ಅವರ ಮನೆಯಲ್ಲಿ ಏನು ಒಣಗುತ್ತಿದೆಯೋ.

ಬೆಲೆಯ ವಿಷಯದಲ್ಲಿ ನಾನು ಬೇಗ ಕಲಿತದ್ದು ಏನೆಂದರೆ, ಕೊಂಡ ಬೆಲೆಯನ್ನು ಬಾಯಲ್ಲೂ ತರಬಾರದು, ಮನಸ್ಸಲ್ಲೂ ಇಟ್ಟುಕೊಳ್ಳಬಾರದು. ಊಟದ ಮೇಜಿಗೆ ಇವರು 25,000 ಅಂತ ಪಟ್ಟು ಹಿಡಿದು ನಾಲ್ಕು ತಿಂಗಳು ಕಳೆದರು. ಕೊನೆಗೆ ಬಂದದ್ದು 14,000. ಮೊದಲ ವಾರ ಬಂದವರೂ ಅಷ್ಟನ್ನೇ ಕೇಳಿದ್ದರು. ದಿವಾನ್ 4,500, ಕ್ಯಾಮೆರಾ 16,000. ಡಿನ್ನರ್ ಸೆಟ್ಟು, ಸೈಕಲ್ಲು, ಪುಸ್ತಕ, ಹಳೆ ಪೇಪರು, ಕಬ್ಬಿಣ ಎಲ್ಲ ಸೇರಿ ವರ್ಷದಲ್ಲಿ 17,000.

ಸೀರೆಗಳದ್ದೊಂದು ಕಥೆ. ಹಳೇ ಜರಿ ಸೀರೆ ಕೊಳ್ಳುವವನು ಬೀದಿಗೆ ಬಂದಾಗ ಮಡಿಕೆಯಲ್ಲೇ ಪಿಸಿದುಹೋಗಿದ್ದ ಎಂಟು ರೇಷ್ಮೆ ಸೀರೆ ಹರವಿದೆ. ಅವನು ಸೆರಗಿನಿಂದ ಒಂದೊಂದೇ ಎಳೆ ಕಿತ್ತು ಉಗುರಲ್ಲಿ ಕೆರೆದು ಬೆಳಕಿಗೆ ಹಿಡಿದ. ಒಳಗೆ ಕೆಂಪು ನೂಲು ಕಂಡರೆ ಅಸಲಿ ಜರಿ, ಅದು ಒಂದು ಕಡೆ, ಬಿಳಿ ಕಂಡರೆ ಇನ್ನೊಂದು ಕಡೆ. ಎಂಟರಲ್ಲಿ ಎರಡೇ ಕೆಂಪು, ಎರಡೂ ನನ್ನ ಅಮ್ಮನವು. ನನ್ನ ಧಾರೆ ಸೀರೆ ಬಿಳಿ ಗುಡ್ಡೆಗೆ ಹೋಯಿತು. “ಇದು ಆಗಿನಿಂದ್ಲೂ ಹೀಗೇ ಕಣಕ್ಕ” ಅಂತ ಸಮಾಧಾನ ಬೇರೆ ಮಾಡಿದ. ಎರಡಕ್ಕೆ 6,800 ಕೊಟ್ಟ.

ಸ್ಕೂಟರ್ ಮಾರುವ ಯೋಚನೆ ಮೊದಲು ಇರಲಿಲ್ಲ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು. ನಮ್ಮ ಬೀದಿ ತುದಿಯಿಂದ ಸಿಟಿ ಬಸ್ ಸ್ಟ್ಯಾಂಡಿಗೆ, ಅಲ್ಲಿಂದ ಕಾಲೇಜಿಗೆ. ಆಧಾರ್ ತೋರಿಸಿದರೆ ಶೂನ್ಯ ಟಿಕೆಟ್. ಮುಕ್ಕಾಲು ಗಂಟೆ ಬೇಗ ಹೊರಡಬೇಕು, ಬೆಳಿಗ್ಗೆ ನೂಕುನುಗ್ಗಲು. ಎರಡು ತಿಂಗಳು ನೋಡಿ, ಒಗ್ಗುತ್ತೆ ಅನ್ನಿಸಿದ ಮೇಲೆ ಸ್ಕೂಟರನ್ನು 34,000ಕ್ಕೆ ಕೊಟ್ಟೆ. ಪೆಟ್ರೋಲಿಗೆ ತಿಂಗಳಿಗೆ 1,400 ಹೋಗುತ್ತಿತ್ತು, ವಿಮೆ ಸರ್ವೀಸು ಬೇರೆ. ಸಂಬಳ ಬರುವವರಿಗೆ ಇದು ಬೇಕಾ ಅಂತ ಸ್ಟಾಫ್ ರೂಮಿನಲ್ಲಿ ಒಬ್ಬರು ಕೇಳಿದರು. 97 ರೂಪಾಯಿಯ ಕಥೆ ಹೇಳಿದೆ. ಮರುವಾರ ಅವರೂ ಅದೇ ಬಸ್ಸಿನಲ್ಲಿದ್ದರು. ಗಾಡಿ ಮಾರುವವರಿಗೆ ಒಂದು ಮಾತು: ಮಾಲೀಕತ್ವ ವರ್ಗಾವಣೆಯ ಫಾರ್ಮ್ 29, ಫಾರ್ಮ್ 30 ಎರಡಕ್ಕೂ ಸಹಿ ಹಾಕಿ, ಆರ್‌ಸಿ ಅವರ ಹೆಸರಿಗೆ ಆಗುವವರೆಗೆ ಬೆನ್ನು ಬಿಡಬೇಡಿ. ನಮ್ಮ ಪಕ್ಕದ ಮನೆಯವರು ಮಾರಿ ವರ್ಷವಾದ ಬೈಕಿಗೆ ಹೆಲ್ಮೆಟ್ ಇಲ್ಲದ ದಂಡದ ನೋಟಿಸು ಇನ್ನೂ ಅವರಿಗೇ ಬರುತ್ತಿತ್ತು.

ಮನೆಖರ್ಚಿನಲ್ಲಿ ಉಳಿಸಿದ್ದನ್ನು ದೊಡ್ಡದು ಮಾಡಿ ಹೇಳುವುದರಲ್ಲಿ ಹುರುಳಿಲ್ಲ. ಗೃಹಜ್ಯೋತಿಯಲ್ಲಿ ಹಿಂದಿನ ವರ್ಷದ ಸರಾಸರಿಗೆ ಶೇ. 10 ಸೇರಿಸಿ ಪುಕ್ಕಟೆ ಕರೆಂಟಿಗೆ ಮಿತಿ ಕೊಟ್ಟರು. ನಮಗೆ 106 ಯೂನಿಟ್ ಬಂತು. ಅದರೊಳಗೆ ಇರಲು ಗೀಸರ್ ಬದಲು ಸೋಲಾರ್ ನೀರು ಬರುವ ಹೊತ್ತಿಗೆ ಸ್ನಾನ ಅಂತ ಮಾಡಿಕೊಂಡೆವು. ಹೊರಗಿನ ಊಟ ವಾರಕ್ಕೊಂದು ಇದ್ದದ್ದು ತಿಂಗಳಿಗೊಂದು ಆಯಿತು. ಸಂಜೆ ಏಳರ ಮೇಲೆ ದೇವರಾಜ ಮಾರುಕಟ್ಟೆಗೆ ಹೋದರೆ ಸೊಪ್ಪು ಅಗ್ಗ. ಸೋತದ್ದು ಕಾಫಿಯಲ್ಲಿ. ಪುಡಿಗೆ ಚಿಕೋರಿ 20 ಇದ್ದದ್ದನ್ನು 40 ಮಾಡಿಸಿ ತಂದೆ, ಯಾರಿಗೂ ಹೇಳದೆ. ಅತ್ತೆ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟು, “ಸಾಲ ನಿಧಾನಕ್ಕೆ ತೀರಲಿ ಬಿಡಮ್ಮ” ಅಂದರು. ಮಾರನೇ ದಿನವೇ 80-20ಕ್ಕೆ ವಾಪಸು.

ದುಡ್ಡು ಕೈಗೆ ಬಂದ ದಿನವೇ ಸಾಲದ ಖಾತೆಗೆ ಹಾಕುವುದೇ ಇದರಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ. ದಿವಾನ್ ಮಾರಿದ 4,500 ಒಂದು ವಾರ ಬೀರುವಿನಲ್ಲಿತ್ತು. ಒಂದು ಗೃಹಪ್ರವೇಶದ ಮುಯ್ಯಿ, ಒಂದು ಗ್ಯಾಸ್ ಸಿಲಿಂಡರ್, ಮಗನ ಶೂ. ಭಾನುವಾರ ನೋಡಿದರೆ 900 ಉಳಿದಿತ್ತು. ದಿವಾನೂ ಇಲ್ಲ, ಕಂತೂ ಕಮ್ಮಿಯಾಗಿಲ್ಲ. ಅಲ್ಲಿಂದ ಮುಂದೆ, ಕೊಂಡವರ ಆಟೊ ಬೀದಿ ತಿರುಗುವುದರೊಳಗೆ ನಾನು ಮೊಬೈಲಿನಲ್ಲಿ ಸಾಲದ ಖಾತೆ ತೆರೆದಿರುತ್ತಿದ್ದೆ.

ಹಾಗೆ ಕಟ್ಟಿದರೂ ಒಂದು ಎಡವಟ್ಟಾಯಿತು. ಮೊದಲ ಎರಡು ಸಲ ಕಟ್ಟಿದ್ದನ್ನು ಅಸಲಿಗೆ ಕಳೆಯದೆ ಮುಂಗಡ ಕಂತು ಅಂತ ಇಟ್ಟುಕೊಂಡಿದ್ದರು. ಸ್ಟೇಟ್‌ಮೆಂಟ್ ನೋಡದಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಅರ್ಜಿ ಬರೆದುಕೊಟ್ಟೆ: ಇದು ಅಸಲಿನ ಭಾಗಶಃ ಮರುಪಾವತಿ, ಕಂತು ಹಾಗೇ ಇರಲಿ, ಅವಧಿ ಕಡಿಮೆ ಮಾಡಿ. ಕೌಂಟರಿನವರು ಶುಲ್ಕದ ಮಾತೆತ್ತಿದರು. ಬದಲಾಗುವ ಬಡ್ಡಿಯ ಗೃಹಸಾಲವನ್ನು ಮುಂಚೆ ತೀರಿಸಿದರೆ ದಂಡ ಹಾಕುವಂತಿಲ್ಲ ಅಂತ ರಿಸರ್ವ್ ಬ್ಯಾಂಕ್ 2012ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಅಷ್ಟು ಹೇಳಿದ್ದಕ್ಕೆ ಸುಮ್ಮನಾದರು. 2023ರ ಆಗಸ್ಟಿನಲ್ಲಿ ಬಂದ ಇನ್ನೊಂದು ಸುತ್ತೋಲೆಯ ಪ್ರಕಾರ ಬಡ್ಡಿ ಬದಲಾದಾಗ ಕಂತು ಏರಿಸಬೇಕೋ, ಅವಧಿ ಎಳೆಯಬೇಕೋ ಅಂತ ಸಾಲಗಾರರನ್ನು ಕೇಳಬೇಕು. ನಮಗದು ಐದು ತಿಂಗಳು ತಡ.

“ತೆರಿಗೆ ಉಳಿಯುತ್ತೆ, ಸಾಲ ಇರಲಿ ಬಿಡಿ” ಅನ್ನುವವರು ಎಲ್ಲ ಕಡೆ ಇದ್ದಾರೆ. ಇವರು ಹಳೆ ತೆರಿಗೆ ಪದ್ಧತಿಯಲ್ಲಿದ್ದರು. ಅದರಲ್ಲಿ ವಾಸದ ಮನೆಯ ಬಡ್ಡಿಗೆ ವಿನಾಯಿತಿ ವರ್ಷಕ್ಕೆ 2 ಲಕ್ಷದವರೆಗೆ. ನಾವು ಕಟ್ಟುತ್ತಿದ್ದ ಬಡ್ಡಿ 2.7 ಲಕ್ಷ. ಮೇಲಿನ 70 ಸಾವಿರಕ್ಕೆ ಯಾವ ವಿನಾಯಿತಿಯೂ ಇಲ್ಲ, ನಮ್ಮ ದುಡ್ಡು ಮೊದಲು ಕಡಿಯುವುದು ಅದನ್ನೇ.

ಎರಡು ತಪ್ಪು ಮಾಡಿದೆವು. ಒಂದು ಚಿನ್ನ. ಒಂಟಿ ಜುಮುಕಿ, ತುಂಡಾದ ಸರ, ಮಗುವಿನ ಉಂಗುರ ಸೇರಿಸಿ ಏಳು ಗ್ರಾಂ, 2023ರ ಸೆಪ್ಟೆಂಬರಿನಲ್ಲಿ 38,000ಕ್ಕೆ ಕೊಟ್ಟೆ. ಆಗ ಅದು ಜಾಣತನ ಅನ್ನಿಸಿತ್ತು. 2025 ಮುಗಿಯುವಾಗ ಅದೇ ಚಿನ್ನದ ಬೆಲೆ ಎರಡು ಪಟ್ಟಿಗೂ ಮೇಲೆ. ಶೇ. 9 ಬಡ್ಡಿ ಉಳಿಸಲು ಹೋಗಿ ಅದಕ್ಕಿಂತ ದೊಡ್ಡದನ್ನು ಕಳೆದುಕೊಂಡೆ. ಮುಂಚೆ ಯಾರಿಗೆ ಗೊತ್ತಿತ್ತು ಅನ್ನಬಹುದು. ಅತ್ತೆಗೆ ಗೊತ್ತಿತ್ತು, ಬೇಡ ಅಂದಿದ್ದರು.

ಇನ್ನೊಂದು ಅದಕ್ಕಿಂತ ಕೆಟ್ಟದ್ದು. ಉತ್ಸಾಹದಲ್ಲಿ ಖಾತೆ ಬಳಿದು ಬಳಿದು ಸಾಲಕ್ಕೆ ಹಾಕುತ್ತಿದ್ದೆವು. 2024ರಲ್ಲಿ ಇವರು ಬೈಕಿನಿಂದ ಬಿದ್ದು ಕಾಲಿಗೆ ಪ್ಲೇಟ್ ಹಾಕಿಸಬೇಕಾಯಿತು. ವಿಮೆ ಕೊಟ್ಟದ್ದು ಹೋಗಿ ಇನ್ನೂ ಅರವತ್ತು ಸಾವಿರ ಬೇಕು, ಖಾತೆಯಲ್ಲಿ ಒಂಬತ್ತು ಸಾವಿರ. ಗೃಹಸಾಲಕ್ಕೆ ಕಟ್ಟಿದ ದುಡ್ಡನ್ನು ವಾಪಸು ಕೇಳುವಂತಿಲ್ಲ. ಓವರ್‌ಡ್ರಾಫ್ಟ್ ಮಾದರಿಯ ಗೃಹಸಾಲವಾದರೆ ತೆಗೆಯಬಹುದು, ನಮ್ಮದು ಅದಲ್ಲ. ಬಳೆ ಅಡವಿಟ್ಟು ತಂದೆವು. ಸಾಲ ತೀರಿಸಲು ಹೋಗಿ ಸಾಲ. ಅದನ್ನು ಬಿಡಿಸಿಕೊಂಡ ಮೇಲೆ ಮೊದಲು ಮೂರು ತಿಂಗಳ ಖರ್ಚನ್ನು ಠೇವಣಿ ಇಟ್ಟೆವು, ಆಮೇಲೆಯೇ ಮತ್ತೆ ಗೃಹಸಾಲದ ಕಡೆ ತಿರುಗಿದ್ದು.

2025ರ ಡಿಸೆಂಬರ್ ಕೊನೆಗೆ ಲೆಕ್ಕ ಹಾಕಿದೆ. ಹೆಚ್ಚುವರಿಯಾಗಿ ಕಟ್ಟಿದ್ದು ಒಟ್ಟು 4.22 ಲಕ್ಷ. ಅದರಲ್ಲಿ ಸಾಮಾನು ಮಾರಿದ್ದು ಸುಮಾರು 1.38 ಲಕ್ಷ, ಉಳಿದದ್ದು ಸಂಬಳದಲ್ಲಿ ಉಳಿಸಿದ್ದು ಮತ್ತು ಇವರ ಬೋನಸ್. ಬಾಕಿ ಅಸಲು 22.6 ಲಕ್ಷಕ್ಕೆ ಬಂದಿದೆ. ಮೂಲ ಲೆಕ್ಕದಲ್ಲಿ ಇನ್ನೂ 191 ಕಂತು ಇರಬೇಕಿತ್ತು, ಈಗ ಇರುವುದು 119. ಎಪ್ಪತ್ತೆರಡು ಕಂತು ಹೋದವು ಅಂತ ಬೀಗುವ ಮುಂಚೆ ಒಂದನ್ನು ಒಪ್ಪಿಕೊಳ್ಳಬೇಕು: 2025ರಲ್ಲಿ ರೆಪೊ ದರ 6.5ರಿಂದ 5.25ಕ್ಕೆ ಇಳಿಯಿತು, ನಮ್ಮ ಬಡ್ಡಿ 8.05ಕ್ಕೆ ಬಂತು, ಕಂತು ಇಳಿಸಬೇಡಿ ಅಂತ ಬರೆದುಕೊಟ್ಟೆವು. ಹಾಗಾಗಿ 28 ಕಂತು ರಿಸರ್ವ್ ಬ್ಯಾಂಕಿನ ಪುಣ್ಯ. ನಮ್ಮ ಗಳಿಕೆ 44. ಹತ್ತು ಸಾವಿರಕ್ಕೆ ಎರಡು ಕಂತು ಅನ್ನುವ ಲೆಕ್ಕವೂ ಕೊನೆಯವರೆಗೆ ನಿಲ್ಲಲಿಲ್ಲ. ಅವಧಿ ಗಿಡ್ಡವಾದಷ್ಟೂ ಹೊಸ ಹತ್ತು ಸಾವಿರದ ಕಸುವು ಕಮ್ಮಿ. ಅದಕ್ಕೇ ಮೊದಲ ವರ್ಷ ಮಾರಿದ ಟ್ರೆಡ್‌ಮಿಲ್ಲಿನ ಮೇಲೆ ನನಗೆ ಈಗಲೂ ಪ್ರೀತಿ.

ಅಟ್ಟ ಹೆಚ್ಚುಕಮ್ಮಿ ಖಾಲಿ. ಸಾಲದ ಫೈಲ್ ಕೂಡ ಸಿಕ್ಕಿತು, ದಿವಾನಿನ ಕೆಳಗಿನ ಖಾನೆಯಲ್ಲಿ, ಕೊಂಡವರೇ ತಂದುಕೊಟ್ಟರು. ಈಗ ಮೇಲೆ ಉಳಿದಿರುವುದು ಅತ್ತೆಯ ತಾಮ್ರದ ಹಂಡೆ ಒಂದೇ. ಗುಜರಿಯವನು ಎರಡು ಸಲ ಕೇಳಿದ್ದಾನೆ. ಎರಡು ಸಲವೂ ಅತ್ತೆ ಅವನನ್ನು ಜಗಲಿ ಮೇಲೆ ಕೂರಿಸಿ, 80-20 ಕಾಫಿ ಕೊಟ್ಟು ಕಳಿಸಿದ್ದಾರೆ.