ಆಲ್ಪ್ಸ್‌ಗೆ ಸ್ಕೀ ಮಾಡಲು ಹೊರಟವರು ಹಿಮ ವರದಿ ಓದುವುದು ಹೇಗೆ?

ಸ್ವಿಟ್ಜರ್ಲೆಂಡ್‌ನ ಎಂಗೆಲ್‌ಬರ್ಗ್ ಊರು ಸಮುದ್ರಮಟ್ಟದಿಂದ ಸುಮಾರು 1,000 ಮೀಟರ್ ಎತ್ತರದಲ್ಲಿದೆ. ಅಲ್ಲಿ ಕೇಬಲ್ ಕಾರ್ ಹತ್ತಿದವರು ಟಿಟ್ಲಿಸ್‌ನ ಮೇಲಿನ ನಿಲ್ದಾಣದಲ್ಲಿ ಇಳಿಯುವ ಹೊತ್ತಿಗೆ 3,020 ಮೀಟರ್ ತಲುಪಿರುತ್ತಾರೆ. ಪ್ಯಾಕೇಜ್ ಟೂರ್‌ನಲ್ಲಿ ಯುರೋಪ್ ನೋಡಿಬಂದ ಅನೇಕ ಕನ್ನಡಿಗರಿಗೆ ಈ ದಾರಿ ಗೊತ್ತು. ಮೊಬೈಲ್‌ನ ಹವಾಮಾನ ಆ್ಯಪ್‌ನಲ್ಲಿ ಎಂಗೆಲ್‌ಬರ್ಗ್ ಎಂದು ಹುಡುಕಿದರೆ ಸಿಗುವುದು ಸಾಮಾನ್ಯವಾಗಿ ಕೆಳಗಿನ ಊರಿನ ಲೆಕ್ಕ. ಅಲ್ಲಿಂದ ಎರಡು ಕಿಲೋಮೀಟರ್ ಮೇಲೆ ಮಳೆಯೋ ಹಿಮವೋ, ಗಾಳಿ ಎಷ್ಟಿದೆ, ಬಿಸಿಲಿದೆಯೋ ಇಲ್ಲವೋ ಎಂಬುದು ಅದರಲ್ಲಿ ಇರುವುದಿಲ್ಲ. ಸ್ಕೀ ತಾಣದ ಮುನ್ಸೂಚನೆ ನೋಡುವಾಗ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಶುರುವಾಗುವುದೇ ಇಲ್ಲಿಂದ. ನಾಳೆ ಹಿಮ ಬೀಳುತ್ತದೆಯೇ ಎಂದು ಹುಡುಕುವ ಮೊದಲು, ಯಾವ ಎತ್ತರದಿಂದ ಮೇಲಕ್ಕೆ ಬೀಳುತ್ತದೆ ಎಂದು ನೋಡಬೇಕು.

ಮೊದಲು ಮೂರು ಎತ್ತರ ಬರೆದುಕೊಳ್ಳಿ

ಹೋಗಬೇಕೆಂದಿರುವ ತಾಣದ ನಕ್ಷೆ ತೆರೆದು ಊರಿನ ಎತ್ತರ, ನಡುವಿನ ನಿಲ್ದಾಣದ ಎತ್ತರ, ತುತ್ತತುದಿಯ ಲಿಫ್ಟ್‌ನ ಎತ್ತರ ಗುರುತು ಹಾಕಿಕೊಳ್ಳಿ. ಎಂಗೆಲ್‌ಬರ್ಗ್‌ಗೆ ಅದು 1,000, ಟ್ರ್ಯೂಬ್‌ಸೇಯಲ್ಲಿ 1,800, ಮೇಲೆ 3,020. ಆಸ್ಟ್ರಿಯಾದ ಕಿಟ್ಸ್‌ಬ್ಯೂಲ್ ಊರು 800 ಮೀಟರ್‌ಗೂ ಕೆಳಗಿದೆ, ಅದರ ಸ್ಕೀ ಗುಡ್ಡಗಳು ಸುಮಾರು 2,000ಕ್ಕೆ ಮುಗಿಯುತ್ತವೆ. ಫ್ರಾನ್ಸಿನ ವಾಲ್ ತೊರಾನ್ಸ್‌ನಲ್ಲಿ ಊರೇ 2,300 ಮೀಟರ್‌ನಲ್ಲಿದೆ. ಒಂದೇ ಮೋಡ ಈ ಮೂರೂ ಕಡೆ ಮೂರು ಬಗೆಯ ದಿನವನ್ನು ಕೊಡುತ್ತದೆ.

ಇಳಿಜಾರು ಯಾವ ದಿಕ್ಕಿಗೆ ಮುಖಮಾಡಿದೆ, ಅಡಿಯಲ್ಲಿ ಏನಿದೆ ಎಂಬುದನ್ನೂ ನೋಡಿಕೊಳ್ಳಿ. ಉತ್ತರಕ್ಕೆ ಮುಖಮಾಡಿದ ಇಳಿಜಾರಿನಲ್ಲಿ ಹಿಮ ವಾರಗಟ್ಟಲೆ ಒಣದಾಗಿ ಉಳಿಯುತ್ತದೆ. ದಕ್ಷಿಣದ ಇಳಿಜಾರಿನಲ್ಲಿ ಒಂದೆರಡು ಬಿಸಿಲಿಗೇ ಮೇಲ್ಪದರ ಕರಗಿ ರಾತ್ರಿ ಗಟ್ಟಿಯಾಗುತ್ತದೆ. ಕೆಳಗಡೆ ದನ ಮೇಯುವ ಹುಲ್ಲುಗಾವಲಿದ್ದರೆ ಯಂತ್ರದಿಂದ ಒತ್ತಿದ 30 ಸೆಂಟಿಮೀಟರ್ ಹಿಮ ಸಾಕು. ಕಲ್ಲುಬಂಡೆಯ ನೆಲಕ್ಕೆ ಹೆಚ್ಚುಕಡಿಮೆ ಒಂದು ಮೀಟರ್ ಬೇಕು. ಹಾಗಾಗಿ ಎತ್ತರದ ತಾಣ ಡಿಸೆಂಬರ್‌ನಲ್ಲಿ ಹೆಚ್ಚು ಹಿಮ ತೋರಿಸಿಯೂ ಅರ್ಧ ಮುಚ್ಚಿರಬಹುದು.

ಸೊನ್ನೆ ಡಿಗ್ರಿ ರೇಖೆ ಹುಡುಕಿ

ಮುನ್ಸೂಚನೆಯ ಎಲ್ಲ ಅಂಕಿಗಳಲ್ಲಿ ಒಂದನ್ನೇ ಆರಿಸಿಕೊಳ್ಳಬೇಕೆಂದರೆ ಇದನ್ನೇ ಆರಿಸಿ. ಗಾಳಿಯ ಉಷ್ಣತೆ ಸೊನ್ನೆಗಿಳಿಯುವ ಎತ್ತರವೇ ಸೊನ್ನೆ ಡಿಗ್ರಿ ರೇಖೆ. ಪರ್ವತ ಪ್ರದೇಶದ ಒಳ್ಳೆಯ ಮುನ್ಸೂಚನೆಗಳು ಇದನ್ನು ಮೀಟರ್‌ಗಳಲ್ಲಿ ಕೊಡುತ್ತವೆ. ಮಳೆ ಹಿಮವಾಗುವ ಗಡಿ ಸಾಮಾನ್ಯವಾಗಿ ಇದಕ್ಕಿಂತ 200–300 ಮೀಟರ್ ಕೆಳಗಿರುತ್ತದೆ, ಏಕೆಂದರೆ ಬೀಳುತ್ತಿರುವ ಹಿಮದ ಹಳಕು ಪೂರ್ತಿ ಕರಗಲು ಅಷ್ಟು ದೂರ ಬೇಕು. ಇಕ್ಕಟ್ಟಾದ ಕಣಿವೆಯಲ್ಲಿ ಗಂಟೆಗಟ್ಟಲೆ ಜೋರಾಗಿ ಸುರಿದರೆ, ಕರಗುವ ಹಿಮ ಸುತ್ತಲಿನ ಗಾಳಿಯ ಶಾಖವನ್ನು ಹೀರಿಕೊಂಡು ಗಡಿಯನ್ನು ಇನ್ನೂ ಕೆಲವು ನೂರು ಮೀಟರ್ ಕೆಳಕ್ಕೆ ತಳ್ಳುತ್ತದೆ. ಗಾಳಿ ಜೋರಾಗಿದ್ದರೆ ಹೊಸ ಬೆಚ್ಚನೆಯ ಗಾಳಿ ಬರುತ್ತಲೇ ಇರುವುದರಿಂದ ಹೀಗಾಗುವುದಿಲ್ಲ.

ಲೆಕ್ಕ ಹಾಕೋಣ. ಸೊನ್ನೆ ಡಿಗ್ರಿ ರೇಖೆ 1,900 ಮೀಟರ್‌ನಲ್ಲಿದೆ ಎನ್ನಿ. ಹಿಮದ ಗಡಿ 1,600–1,700ರಲ್ಲಿ ನಿಲ್ಲುತ್ತದೆ. ಎಂಗೆಲ್‌ಬರ್ಗ್‌ನಲ್ಲಿ ಬರೀ ಮಳೆ, ಟ್ರ್ಯೂಬ್‌ಸೇಯಲ್ಲಿ ಜಾಕೆಟ್ ತೋಯಿಸುವ ಹಸಿ ಹಿಮ, ಟಿಟ್ಲಿಸ್‌ನಲ್ಲಿ ಒಣ ಹಿಮ. ಎತ್ತರ ಸಾವಿರ ಮೀಟರ್ ಏರಿದಂತೆ ಉಷ್ಣತೆ ಸರಾಸರಿ 6.5 ಡಿಗ್ರಿ ಇಳಿಯುವುದರಿಂದ ಮೇಲೆ ಮೈನಸ್ 7ರ ಆಸುಪಾಸು ಇರುತ್ತದೆ. ಇದೇ ಲೆಕ್ಕವನ್ನು ತಿರುಗಿಸಿ ನೋಡಿ: ಮುನ್ಸೂಚನೆ ಒಂದೇ ಒಂದು ಡಿಗ್ರಿ ತಪ್ಪಿದರೂ ಗಡಿ 150 ಮೀಟರ್ ಸರಿಯುತ್ತದೆ. ಸಾವಿರ ಮೀಟರ್‌ನ ಊರುಗಳಲ್ಲಿ ಹಿಂದಿನ ದಿನದವರೆಗೂ ಮಳೆ-ಹಿಮದ ಮಾತು ಬದಲಾಗುತ್ತಲೇ ಇರುವುದು ಇದೇ ಕಾರಣಕ್ಕೆ. ಅದನ್ನು ಹವಾಮಾನ ತಜ್ಞರ ಸೋಲು ಎಂದುಕೊಳ್ಳಬಾರದು.

ಮುನ್ಸೂಚನೆಯಲ್ಲಿ ಮಿಲಿಮೀಟರ್ ಮಾತ್ರ ಇದ್ದರೆ, ಒಂದು ಮಿಲಿಮೀಟರ್ ನೀರಿಗೆ ಸುಮಾರು ಒಂದು ಸೆಂಟಿಮೀಟರ್ ಹಿಮ ಎಂದು ಹಿಡಿಯಿರಿ. ಮೈನಸ್ 8–10 ಡಿಗ್ರಿಯ ಚಳಿಯಲ್ಲಿ ಅದೇ ನೀರು ಒಂದೂವರೆ ಸೆಂಟಿಮೀಟರ್‌ಗೂ ಹೆಚ್ಚು ಹಗುರ ಹಿಮವಾಗುತ್ತದೆ. ಸೊನ್ನೆಯ ಹತ್ತಿರವಿದ್ದರೆ ಅರ್ಧ ಸೆಂಟಿಮೀಟರ್‌ನಷ್ಟೇ, ಅದೂ ಕಾಲೆತ್ತಲಾಗದಷ್ಟು ಭಾರ. ಇದ್ದ ಹಿಮದ ಮೇಲೆ ಮಳೆ ಬಿದ್ದರೆ ನಷ್ಟ ಆ ದಿನಕ್ಕೇ ಮುಗಿಯುವುದಿಲ್ಲ. ನೆನೆದ ಪದರ ರಾತ್ರಿ ಹೆಪ್ಪುಗಟ್ಟಿ ಮರುದಿನ ಬೆಳಗ್ಗೆ ಇಳಿಜಾರೆಲ್ಲ ಮಂಜುಗಡ್ಡೆ. ಹೊಸದಾಗಿ ಕಲಿಯುವವರು ಮಣಿಕಟ್ಟು ಮುರಿದುಕೊಳ್ಳುವುದು ಇಂಥ ಬೆಳಗಿನಲ್ಲೇ ಸುಲಭ.

ಗಾಳಿ ಎತ್ತಲಿಂದ?

ಮುಂಗಾರಿನ ಮೋಡ ಸಹ್ಯಾದ್ರಿಗೆ ಬಡಿದು ಆಗುಂಬೆಯಲ್ಲಿ ಸುರಿದು, ಚಿತ್ರದುರ್ಗ ತಲುಪುವಾಗ ಬರಿದಾಗಿರುವಂತೆ, ಆಲ್ಪ್ಸ್‌ನಲ್ಲೂ ಗಾಳಿಗೆ ಎದೆಯೊಡ್ಡಿದ ಮಗ್ಗುಲಿಗೆ ಹಿಮ, ಬೆನ್ನಿನ ಮಗ್ಗುಲಿಗೆ ಬಿಸಿಲು. ಜರ್ಮನ್ ಮುನ್ಸೂಚನೆಗಳಲ್ಲಿ ಮೋಡ ಹೀಗೆ ಪರ್ವತಕ್ಕೆ ಒತ್ತಿ ನಿಲ್ಲುವುದನ್ನು ಶ್ಟಾವ್ ಎನ್ನುತ್ತಾರೆ. ವಾಯವ್ಯ ಅಥವಾ ಉತ್ತರದ ಗಾಳಿ ಬಂದರೆ ಎಂಗೆಲ್‌ಬರ್ಗ್, ಫೋರಾರ್ಲ್‌ಬರ್ಗ್, ಉತ್ತರ ಟಿರೋಲ್, ಬವೇರಿಯಾದ ಬೆಟ್ಟಗಳಿಗೆ ಸುಗ್ಗಿ. ಅದೇ ದಿನ ಇಟಲಿಯ ಡೊಲೊಮೈಟ್ಸ್‌ನಲ್ಲಿ ಆಕಾಶ ನೀಲಿಯಾಗಿರಬಹುದು. ಜಿನೋವಾ ಕೊಲ್ಲಿಯಲ್ಲಿ ವಾಯುಭಾರ ಕುಸಿದು ದಕ್ಷಿಣದಿಂದ ತೇವ ಬಂದರೆ ಆಟ ತಲೆಕೆಳಗಾಗುತ್ತದೆ: ಟಿಚಿನೋ, ಡೊಲೊಮೈಟ್ಸ್, ಪೂರ್ವ ಟಿರೋಲ್, ಕರಿಂಥಿಯಾಗಳಲ್ಲಿ ಒಂದೇ ರಾತ್ರಿ ಮೊಣಕಾಲುದ್ದ ಹಿಮ, ಉತ್ತರದಲ್ಲಿ ಫ್ಯೋನ್.

ಫ್ಯೋನ್ ಎಂದರೆ ಪರ್ವತ ದಾಟಿ ಕೆಳಗಿಳಿಯುವ ಬಿಸಿ ಒಣಗಾಳಿ. ಇಳಿಯುವ ಒಣಗಾಳಿ ಸಾವಿರ ಮೀಟರ್‌ಗೆ ಹತ್ತು ಡಿಗ್ರಿಯಷ್ಟು ಕಾಯುತ್ತದೆ. ಮುನ್ಸೂಚನೆಯಲ್ಲಿ ಈ ಪದ ಕಂಡರೆ ಕಣಿವೆಯ ಹಿಮ ಕರಗುತ್ತದೆ, ಎತ್ತರದ ಲಿಫ್ಟ್‌ಗಳು ಗಾಳಿಗೆ ನಿಲ್ಲುತ್ತವೆ ಎಂದು ಲೆಕ್ಕ ಹಾಕಿಕೊಳ್ಳಿ. ದಕ್ಷಿಣದ ಗಾಳಿ ಕೆಲವೊಮ್ಮೆ ಸಹಾರಾದ ಧೂಳನ್ನೂ ತರುತ್ತದೆ. 2021ರ ಫೆಬ್ರುವರಿಯಲ್ಲಿ ಆಲ್ಪ್ಸ್‌ನ ಹಿಮ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಬಣ್ಣಗೆಟ್ಟ ಹಿಮ ಬಿಸಿಲನ್ನು ಹೆಚ್ಚು ಹೀರಿ ಬೇಗ ಕರಗುತ್ತದೆ.

ಎರಡು ತಾಣಗಳ ನಡುವೆ ಆರಿಸುವ ಅವಕಾಶವಿದ್ದರೆ ಒಂದು ಉತ್ತರದ ಮಗ್ಗುಲಿನದು, ಇನ್ನೊಂದು ದಕ್ಷಿಣದ್ದು ಇಟ್ಟುಕೊಂಡು, ಗಾಳಿಯ ದಿಕ್ಕು ನಿಶ್ಚಯವಾದ ಮೇಲೆ ಟಿಕೆಟ್ ಕೊಳ್ಳುವುದು ಜಾಣತನ. ಮ್ಯೂನಿಕ್‌ನಲ್ಲಿ ಅಥವಾ ಜ್ಯೂರಿಚ್‌ನಲ್ಲಿ ನೆಲೆಸಿರುವವರಿಗೆ ಇದು ಸಾಧ್ಯ. ಬೆಂಗಳೂರಿನಿಂದ ತಿಂಗಳುಗಳ ಮೊದಲೇ ಕಾಯ್ದಿರಿಸುವವರು ಎತ್ತರವನ್ನೇ ನೆಚ್ಚಬೇಕು. ಕ್ರಿಸ್ಮಸ್ ರಜೆಗಾದರೆ 1,800 ಮೀಟರ್‌ಗಿಂತ ಮೇಲಿನ ಊರು ನೋಡಿ. 2022ರ ಡಿಸೆಂಬರ್ ಕೊನೆಯಲ್ಲಿ ಬೀಸಿದ ಬೆಚ್ಚನೆಯ ಗಾಳಿಗೆ ತಗ್ಗಿನ ಅನೇಕ ತಾಣಗಳು ಹಬ್ಬದ ವಾರದಲ್ಲೇ ಲಿಫ್ಟ್ ನಿಲ್ಲಿಸಬೇಕಾಯಿತು.

ಎಷ್ಟು ದಿನ ಮುಂಚೆ ಯಾವುದನ್ನು ನಂಬಬೇಕು

ಹತ್ತು ದಿನ ಮುಂಚಿನ ಹಿಮದ ಚಿತ್ರ ನೋಡಿ ಹೋಟೆಲ್ ರದ್ದು ಮಾಡಬೇಡಿ, ಕಾಯ್ದಿರಿಸಲೂಬೇಡಿ. ಅಷ್ಟು ದೂರಕ್ಕೆ ತಿಳಿಯುವುದು ವಾರ ಚಳಿಯದೋ ಬೆಚ್ಚನೆಯದೋ, ಒಣದೋ ತೇವದ್ದೋ ಎಂಬಷ್ಟೇ. ಯುರೋಪಿನ ಮಧ್ಯಮಾವಧಿ ಮುನ್ಸೂಚನಾ ಕೇಂದ್ರದ ಕಂಪ್ಯೂಟರ್ ಮಾದರಿ ಒಂದೇ ಉತ್ತರ ಕೊಡದೆ ಆರಂಭದ ಅಂಕಿಗಳನ್ನು ಚೂರು ಚೂರು ಬದಲಿಸಿ 51 ಉತ್ತರಗಳನ್ನು ಕೊಡುತ್ತದೆ. ಗ್ರಾಫ್‌ನಲ್ಲಿ ಆ ಉತ್ತರಗಳ ಗೆರೆಗಳೆಲ್ಲ ಒಟ್ಟಿಗೆ ಸಾಗಿದ್ದರೆ ನಂಬಿ. ಬೀಸಣಿಗೆಯಾಗಿ ಹರಡಿದ್ದರೆ ಎರಡು ದಿನ ಕಾದು ಮತ್ತೆ ನೋಡಿ.

ಐದು ದಿನದೊಳಗೆ ಗಾಳಿಯ ದಿಕ್ಕು ಮತ್ತು ಸೊನ್ನೆ ರೇಖೆ ಬಹುಮಟ್ಟಿಗೆ ಸ್ಪಷ್ಟವಾಗುತ್ತವೆ. ಎಷ್ಟು ಸೆಂಟಿಮೀಟರ್ ಎಂಬ ಪ್ರಶ್ನೆಗೆ ಉತ್ತರ ಬರುವುದು ಕೊನೆಯ ಎರಡು ದಿನಗಳಲ್ಲಿ. ಮಾದರಿಗಳು ನೆಲವನ್ನು ಚೌಕಗಳಾಗಿ ಭಾಗಿಸಿ ಲೆಕ್ಕ ಹಾಕುತ್ತವೆ. ಜಾಗತಿಕ ಮಾದರಿಯ ಒಂದೊಂದು ಚೌಕ ಒಂಬತ್ತು ಕಿಲೋಮೀಟರ್ ಅಗಲ, ಅದರಲ್ಲಿ ಎಂಗೆಲ್‌ಬರ್ಗ್ ಕಣಿವೆ ಮತ್ತು ಟಿಟ್ಲಿಸ್ ಎರಡೂ ಕರಗಿ ಒಂದು ಸರಾಸರಿ ಗುಡ್ಡವಾಗಿಬಿಡುತ್ತವೆ. ಮೆಟಿಯೋಸ್ವಿಸ್ ಬಳಸುವ ಐಕಾನ್ ಮಾದರಿಯ ಚೌಕ ಒಂದು ಕಿಲೋಮೀಟರ್‌ನದು, ಫ್ರಾನ್ಸಿನ ಅರೋಮ್ ಮಾದರಿಯದು 1.3 ಕಿಲೋಮೀಟರ್. ಅವಕ್ಕೆ ಕಣಿವೆ ಕಾಣುತ್ತದೆ, ಆದರೆ ದೃಷ್ಟಿ ಒಂದೆರಡು ದಿನಕ್ಕಿಂತ ಮುಂದೆ ಹೋಗುವುದಿಲ್ಲ. ಹಾಗಾಗಿ ಹೊರಡುವ ಹಿಂದಿನ ದಿನ ಆಯಾ ದೇಶದ ಹವಾಮಾನ ಸಂಸ್ಥೆಯ ಪುಟವನ್ನೇ ನೋಡಿ: ಸ್ವಿಟ್ಜರ್ಲೆಂಡ್‌ಗೆ ಮೆಟಿಯೋಸ್ವಿಸ್, ಆಸ್ಟ್ರಿಯಾಕ್ಕೆ ಜಿಯೋಸ್ಫಿಯರ್, ಫ್ರಾನ್ಸ್‌ಗೆ ಮೆಟಿಯೋ ಫ್ರಾನ್ಸ್.

ತಾಣದ ವರದಿಯಲ್ಲಿ ಏನನ್ನು ಓದಬೇಕು

ತಾಣಗಳು ದಿನವೂ ಪ್ರಕಟಿಸುವ ವರದಿಯಲ್ಲಿ ಎರಡು ಹಿಮದ ಆಳಗಳಿರುತ್ತವೆ, ಕಣಿವೆಯದು ಮತ್ತು ಶಿಖರದ್ದು. ಹಿಮನದಿಯಿರುವ ತಾಣದಲ್ಲಿ ಶಿಖರದ ಅಂಕಿ ಎರಡು-ಮೂರು ಮೀಟರ್ ಇದ್ದರೂ ಅದು ನೀವು ದಿನವಿಡೀ ಜಾರುವ ನಡುಭಾಗದ ಸ್ಥಿತಿ ಹೇಳುವುದಿಲ್ಲ. ಅಳೆಯುವ ಜಾಗವನ್ನು ತಾಣದವರೇ ಆರಿಸುತ್ತಾರೆ ಎಂಬುದೂ ನೆನಪಿರಲಿ. ಸ್ವಿಟ್ಜರ್ಲೆಂಡ್‌ನಲ್ಲಿ ಇದನ್ನು ಪರಿಶೀಲಿಸಲು ಸುಲಭ ದಾರಿಯಿದೆ: ದಾವೋಸ್‌ನ ಹಿಮ ಸಂಶೋಧನಾ ಸಂಸ್ಥೆ ಎಸ್‌ಎಲ್‌ಎಫ್ ತನ್ನ ಸ್ವಯಂಚಾಲಿತ ಕೇಂದ್ರಗಳ ಅಳತೆಗಳನ್ನು ನಕ್ಷೆಯಲ್ಲಿ ತೋರಿಸುತ್ತದೆ.

ಆಳಕ್ಕಿಂತ ಉಪಯುಕ್ತವಾದದ್ದು ತೆರೆದಿರುವ ಜಾರುದಾರಿಗಳ ಕಿಲೋಮೀಟರ್ ಮತ್ತು ಲಿಫ್ಟ್‌ಗಳ ಸಂಖ್ಯೆ. ಒಟ್ಟಿನಲ್ಲಿ ಎಷ್ಟು ಪಾಲು ತೆರೆದಿದೆ, ಊರಿನವರೆಗೆ ಇಳಿಯುವ ದಾರಿ ತೆರೆದಿದೆಯೇ ಎಂದು ನೋಡಿ. ಕೊನೆಯ ಹಿಮಪಾತದ ದಿನಾಂಕ ಮೂರು ವಾರ ಹಿಂದಿನದಾಗಿದ್ದರೆ ಆ ದಾರಿಗಳಲ್ಲಿರುವುದು ಬಹುಪಾಲು ಯಂತ್ರದಿಂದ ತಯಾರಿಸಿದ ಹಿಮ. ಜರ್ಮನ್ ವರದಿಯಲ್ಲಿ ಪುಲ್ವರ್ ಎಂದರೆ ಪುಡಿಹಿಮ, ಹಾರ್ಟ್ ಎಂದರೆ ಗಟ್ಟಿ, ಜುಲ್ಟ್ಸ್ ಎಂದರೆ ಕೆಸರಿನಂತಾದ ಹಸಿ ಹಿಮ.

ನಂತರ ವೆಬ್‌ಕ್ಯಾಮ್. ಮೊದಲು ಚಿತ್ರದ ಮೂಲೆಯಲ್ಲಿರುವ ಸಮಯ ನೋಡಿ, ಹಿಮಗಾಳಿಯಲ್ಲಿ ಕ್ಯಾಮೆರಾ ಕೆಟ್ಟು ಮೊನ್ನೆಯ ಬಿಸಿಲನ್ನೇ ತೋರಿಸುತ್ತಿರಬಹುದು. ಮರದ ಕೊಂಬೆ ಮತ್ತು ಮಾಡಿನ ಮೇಲೆ ಹಿಮ ಕೂತಿದ್ದರೆ ಅದು ಹೊಸದು. ಬಂಡೆಗಳು ಬರಿದಾಗಿ, ಗುಳಿಗಳು ಮಾತ್ರ ತುಂಬಿದ್ದರೆ ಬಿದ್ದ ಹಿಮವನ್ನು ಗಾಳಿ ಒಯ್ದಿದೆ.

ಯಂತ್ರದ ಹಿಮಕ್ಕೆ ಬೇಕಾದ ಚಳಿ

ಮಳೆ-ಹಿಮ ಎರಡೂ ಇಲ್ಲದ ವಾರದಲ್ಲಿ ತಾಣ ಹೇಗಿರುತ್ತದೆ ಎಂದು ತಿಳಿಯಲು ಉಷ್ಣತೆಯ ಜೊತೆಗೆ ತೇವಾಂಶವನ್ನೂ ನೋಡಬೇಕು. ಹಿಮ ಉಗುಳುವ ಯಂತ್ರಗಳು ಕೆಲಸ ಮಾಡುವುದು ಒದ್ದೆ ಬಲ್ಬಿನ ಉಷ್ಣತೆ, ಅಂದರೆ ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕ ತೋರಿಸುವ ಅಂಕಿ, ಸುಮಾರು ಮೈನಸ್ 2ಕ್ಕಿಂತ ಕೆಳಗಿದ್ದಾಗ. ಒಣ ಗಾಳಿಯಲ್ಲಿ ಹನಿ ಆವಿಯಾಗುತ್ತ ತಾನೇ ತಣಿಯುವುದರಿಂದ, 1 ಡಿಗ್ರಿ ಉಷ್ಣತೆ ಮತ್ತು ಶೇ 30 ತೇವಾಂಶವಿದ್ದರೆ ಒದ್ದೆ ಬಲ್ಬು ಮೈನಸ್ 3.5ರ ಹತ್ತಿರ ಇಳಿದು ಯಂತ್ರ ಓಡುತ್ತದೆ. ಮೈನಸ್ 1 ಡಿಗ್ರಿಯಿದ್ದು ತೇವಾಂಶ ಶೇ 95 ಇದ್ದರೆ ಓಡುವುದಿಲ್ಲ. ಯಂತ್ರದ ಹಿಮ ಹೊಸ ನೈಸರ್ಗಿಕ ಹಿಮಕ್ಕಿಂತ ಹಲವು ಪಟ್ಟು ಸಾಂದ್ರ. ಅದು ನಿಧಾನವಾಗಿ ಕರಗುತ್ತದೆ, ಬಿದ್ದರೆ ಪೆಟ್ಟೂ ಜೋರು.

ಹೊರಡುವ ದಿನ ಬೆಳಗ್ಗೆ

ಜನವರಿಯಲ್ಲಿ ವಾಯುಭಾರ ಹೆಚ್ಚಿದ್ದಾಗ ತಣ್ಣನೆಯ ಗಾಳಿ ಕಣಿವೆಯ ತಳದಲ್ಲಿ ಕೂತು, ಊರಿನಲ್ಲಿ ಮಂಜು ಮತ್ತು ಮೈನಸ್ 5, ಮೇಲೆ 2,000 ಮೀಟರ್‌ನಲ್ಲಿ ಬಿಸಿಲು ಮತ್ತು ಪ್ಲಸ್ 5 ಇರುವುದುಂಟು. ಕಿಟಕಿಯಾಚೆ ಬೂದುಬಣ್ಣ ನೋಡಿ ಹೋಟೆಲ್‌ನಲ್ಲೇ ಉಳಿಯುವ ಮೊದಲು ಶಿಖರದ ವೆಬ್‌ಕ್ಯಾಮ್ ನೋಡಿ.

ಶಿಖರದ ಗಾಳಿಯನ್ನೂ ಪ್ರತ್ಯೇಕವಾಗಿ ನೋಡಿ. ಗಂಟೆಗೆ 60 ಕಿಲೋಮೀಟರ್ ದಾಟಿದರೆ ಎತ್ತರದ ಚೇರ್‌ಲಿಫ್ಟ್ ಮತ್ತು ಗೊಂಡೋಲಾಗಳು ನಿಲ್ಲುವ ಸಾಧ್ಯತೆ ಹೆಚ್ಚು. 30 ಕಿಲೋಮೀಟರ್ ಗಾಳಿಯಲ್ಲೇ ಮೈನಸ್ 10 ಡಿಗ್ರಿ ಚರ್ಮಕ್ಕೆ ಮೈನಸ್ 20ರಂತೆ ತಾಗುತ್ತದೆ. ಹಿಮ ಸುರಿಯುತ್ತಿರುವ ದಿನ ಮರಗಳಿಲ್ಲದ ಎತ್ತರದಲ್ಲಿ ನೆಲ ಯಾವುದು, ಆಕಾಶ ಯಾವುದು ತಿಳಿಯುವುದಿಲ್ಲ. ಅಂದು ಕಾಡಿನ ನಡುವಿನ ದಾರಿಗಳನ್ನೇ ಹಿಡಿಯಿರಿ.

ಮಾರ್ಚ್-ಏಪ್ರಿಲ್‌ನಲ್ಲಿ ರಾತ್ರಿಯ ಆಕಾಶ ಮುಖ್ಯ. ಮೋಡವಿಲ್ಲದ ರಾತ್ರಿ ಹಿಮದ ಶಾಖ ಆಕಾಶಕ್ಕೆ ಹೋಗಿ, ಗಾಳಿ ಪ್ಲಸ್ 2 ಇದ್ದರೂ ಮೇಲ್ಪದರ ಹೆಪ್ಪುಗಟ್ಟುತ್ತದೆ. ಅಂಥ ದಿನ ಬೆಳಗ್ಗೆ ಪೂರ್ವದ ಇಳಿಜಾರು, ಮಧ್ಯಾಹ್ನದ ಹೊತ್ತಿಗೆ ಪಶ್ಚಿಮದ್ದು ಎಂದು ಬಿಸಿಲಿನ ಹಿಂದೆ ಸಾಗಬೇಕು. ಮೋಡ ಕವಿದ ರಾತ್ರಿಯಾಗಿದ್ದರೆ ಹಿಮ ಗಟ್ಟಿಯಾಗಿರುವುದೇ ಇಲ್ಲ, ಹಸಿ ಹಿಮಕುಸಿತದ ಅಪಾಯ ಬೆಳಗ್ಗೆಯೇ ಶುರು.

ಹಿಮಕುಸಿತದ ಸೂಚನೆ ಓದದೆ ದಾರಿ ಬಿಟ್ಟು ಹೋಗಬೇಡಿ

ಯುರೋಪಿನಾದ್ಯಂತ 1ರಿಂದ 5ರವರೆಗಿನ ಒಂದೇ ಅಳತೆ ಬಳಕೆಯಲ್ಲಿದೆ. 3 ನಡುವಿನ ಅಂಕಿ, ಆದ್ದರಿಂದ ಪರವಾಗಿಲ್ಲ ಎಂದುಕೊಳ್ಳುವುದು ಜೀವಕ್ಕೇ ಕುತ್ತು. ಪ್ರತಿ ಮೆಟ್ಟಿಲಿಗೂ ಅಪಾಯ ಹಲವು ಪಟ್ಟು ಏರುತ್ತದೆ, 3ರ ದಿನ ಒಬ್ಬನೇ ಸ್ಕೀಗಾರನ ಭಾರಕ್ಕೆ ಇಡೀ ಇಳಿಜಾರು ಕಳಚಬಹುದು. ಸಿಲುಕಿ ಸಾಯುವವರಲ್ಲಿ ಬಹುಪಾಲು ಜನರ ಮೇಲೆ ಬೀಳುವುದು ಅವರೇ ಅಥವಾ ಅವರ ಗುಂಪಿನವರೇ ಕಳಚಿಸಿದ ಹಿಮ.

ಅಂಕಿಯ ಜೊತೆ ಸೂಚನೆಯಲ್ಲಿ ಒಂದು ಎತ್ತರ ಮತ್ತು ದಿಕ್ಕಿನ ಚಕ್ರ ಇರುತ್ತದೆ. ಉದಾಹರಣೆಗೆ 2,200 ಮೀಟರ್‌ಗಿಂತ ಮೇಲೆ ವಾಯವ್ಯದಿಂದ ಪೂರ್ವದವರೆಗೆ ಎಂದಿದ್ದರೆ ಆ ಎತ್ತರದ, ಆ ಮುಖದ, 30 ಡಿಗ್ರಿಗಿಂತ ಕಡಿದಾದ ಇಳಿಜಾರುಗಳನ್ನು ಬಿಟ್ಟುಬಿಡಿ. ಗಾಳಿ ಜೋರಾಗಿ ಬೀಸಿದ ಹಿಮಪಾತದ ನಂತರದ ಮೊದಲ ಬಿಸಿಲಿನ ದಿನ ಅತ್ಯಂತ ಆಕರ್ಷಕ, ಅತ್ಯಂತ ಅಪಾಯಕಾರಿ. ತೆರೆದಿರುವ ಜಾರುದಾರಿಗಳನ್ನು ತಾಣದವರು ಕಾಯುತ್ತಾರೆ, ಹಗ್ಗದಾಚೆಗಿನ ಹೊಣೆ ನಿಮ್ಮದೇ. ಆಚೆ ಹೋಗುವುದಾದರೆ ಪ್ರತಿಯೊಬ್ಬರ ಬಳಿಯೂ ಸಂಕೇತ ಕಳಿಸುವ ಟ್ರಾನ್ಸೀವರ್, ಸಲಿಕೆ, ಹುಡುಕುವ ಉದ್ದ ಕೋಲು ಇರಬೇಕು, ಬಳಸಲು ಬರಬೇಕು. ಹೂತವರು ಬದುಕುವ ಸಾಧ್ಯತೆ ಹೆಚ್ಚಿರುವುದು ಮೊದಲ ಹತ್ತು-ಹದಿನೈದು ನಿಮಿಷ ಮಾತ್ರ. ಹೆಲಿಕಾಪ್ಟರ್ ಅಷ್ಟರೊಳಗೆ ಬರುವುದು ಅಪರೂಪ.

1999ರ ಫೆಬ್ರುವರಿಯಲ್ಲಿ ವಾಯವ್ಯದ ಬಿರುಗಾಳಿಗಳು ಒಂದರ ಹಿಂದೊಂದು ಬಂದು ಹಿಮ ಸುರಿದಾಗ, ಆಸ್ಟ್ರಿಯಾದ ಗಾಲ್ಟ್ಯೂರ್ ಊರಿನೊಳಕ್ಕೇ ಹಿಮಕುಸಿತ ನುಗ್ಗಿ 31 ಜನ ಸತ್ತರು. ಅಪಾಯ 5ಕ್ಕೇರಿದಾಗ ರಸ್ತೆಗಳೂ ಮುಚ್ಚಬಹುದು, ಮರಳುವ ವಿಮಾನಕ್ಕೆ ಒಂದೆರಡು ದಿನ ಬಿಡುವಿಟ್ಟುಕೊಳ್ಳಿ. ಎಸ್‌ಎಲ್‌ಎಫ್‌ನ ಸೂಚನೆ ಚಳಿಗಾಲದಲ್ಲಿ ಸಂಜೆ 5ಕ್ಕೆ ಬರುತ್ತದೆ, ಬೆಳಗ್ಗೆ 8ಕ್ಕೆ ಪರಿಷ್ಕರಣೆಯಾಗುತ್ತದೆ. ಟಿರೋಲ್, ದಕ್ಷಿಣ ಟಿರೋಲ್, ಟ್ರೆಂಟಿನೋ ಮೂರಕ್ಕೂ ಸೇರಿ ಒಂದೇ ಸೂಚನೆಯಿದೆ, ಅದೂ ಸಂಜೆ 5ಕ್ಕೆ. ತುರ್ತು ಕರೆಗೆ ಯುರೋಪಿನಲ್ಲೆಲ್ಲ 112. ಸ್ವಿಟ್ಜರ್ಲೆಂಡ್‌ನಲ್ಲಿ ವಾಯು ರಕ್ಷಣೆಗೆ 1414, ಆಸ್ಟ್ರಿಯಾದಲ್ಲಿ ಪರ್ವತ ರಕ್ಷಣೆಗೆ 140.